ಮೊದಲ ನೂರು ಕಿಲೋಮೀಟರ್

ಭಾನುವಾರ ಬೆಳಿಗ್ಗೆ ಬೈಕು ಒರೆಸುತ್ತಿದ್ದ ಬೆನಕಪ್ಪನ ಕೈ ಹಿಂದಿನ ಟೈರಿನ ಮೇಲೆ ಆಡಿ ಅಲ್ಲೇ ನಿಂತಿತು. ಟೈರು ಅವನ ಮಾವನ ತಲೆಯ ಹಾಗೆ ನುಣ್ಣಗಾಗಿತ್ತು.

ಶಿಕಾರಿಪುರದಿಂದ ಸೊರಬದ ಕಚೇರಿಗೆ ದಿನಾ ಬೈಕಿನಲ್ಲಿ ಓಡಾಡುವ ಗುಮಾಸ್ತ ಅವನು. ಹೋದ ಮಳೆಗಾಲದಲ್ಲಿ ಸಗಣಿಯ ಮೇಲೆ ಜಾರಿ, ಒಂದು ಬಸ್ಸಿನಷ್ಟು ಜನರ ಕಣ್ಣೆದುರು ಗದ್ದೆಗೆ ಬಿದ್ದಿದ್ದ. ಅಂದಿನಿಂದ ಮೋಡ ಕಂಡರೂ ಬೈಕು ಹತ್ತಲು ಹೆದರುತ್ತಿದ್ದ. ಈಗ ಹೆಂಡತಿ ಗಂಗಾಶ್ರೀಗೂ ಸೊರಬದ ಶಾಲೆಗೆ ವರ್ಗವಾಗಿತ್ತು. ನಾಳೆಯಿಂದ ಅವಳೂ ಹಿಂದೆ ಕೂರುವವಳು.

"ನೋಡ್ರೀ, ಒಂದೇ ಒಂದ್ಸಲ ಬೀಳಿಸಿದ್ರೂ ಈ ಜನ್ಮದಾಗೆ ನಿಮ್ಮ ಬೈಕ್ ಹತ್ತಲ್ಲ. ಬಸ್ಸಿಗೆ ಹೋಗ್ತೀನಿ. ಯಾಕೆ ಅಂತ ಕೇಳಿದೋರಿಗೆಲ್ಲ ಹೇಳ್ತೀನಿ" ಎಂದಿದ್ದಳು.

ಆ ಕೊನೆಯ ಮಾತೇ ಬೆನಕಪ್ಪನನ್ನು ಹೆಚ್ಚು ಹೆದರಿಸಿತ್ತು. ಅವನ ಅರ್ಧ ಕಚೇರಿ ಅದೇ ಬಸ್ಸಿನಲ್ಲಿ ಬರುತ್ತಿತ್ತು.

ಟೈರಿನಂಗಡಿಗೆ ಹೊರಟರೆ ಪಕ್ಕದ ಮನೆಯ ಸದಾಶಿವಪ್ಪ ಕೊಡೆ ಹಿಡಿದು ಹಿಂದೆ ಹತ್ತಿಯೇಬಿಟ್ಟ. ನಿವೃತ್ತ ಬಸ್ ಕಂಡಕ್ಟರ್. "ನಲವತ್ತು ವರ್ಷ ಟೈರಿನ ಮ್ಯಾಲೇ ಬದುಕಿದೋನಪ್ಪ ನಾನು. ರೈಟ್!"

ಅಂಗಡಿಯ ಮಲ್ಲಿಕಾರ್ಜುನ್ ಮೂರು ಟೈರು ಉರುಳಿಸಿಕೊಂಡು ಬಂದ. "ಇದು ಡಾಂಬರಿಗೆ. ಇದು ಕೆಸರಿಗೆ. ಇದು ನಡುವಿಂದು, ಎಲ್ಲಾ ಕಾಲಕ್ಕೂ ಆಗ್ತೈತಿ."

ಸದಾಶಿವಪ್ಪ ಮೂರನ್ನೂ ಹಲಸಿನಹಣ್ಣಿನಂತೆ ಬಡಿದು, ಮೂಸಿ, "ಕೆಸರಿಂದೇ ತಗೋ. ಹಲ್ಲು ಗಟ್ಟಿ ಅದಾವು" ಎಂದ.

"ಅದು ಡಾಂಬರಿನ ಮ್ಯಾಲೆ ಗುಡುಗುಡು ಅಂತೈತಿ. ಹಿಂದೆ ಕೂರೋ ಅಕ್ಕಾರ ಸೊಂಟ ಉಳಿಯಲ್ರೀ" ಎಂದ ಮಲ್ಲಿಕಾರ್ಜುನ್.

ಬೆನಕಪ್ಪ ಕೇಳಿದ: "ನಡುವಿಂದು ಮಳ್ಯಾಗೆ ಹಿಡೀತೈತಾ?"

"ಹಿಡೀತೈತ್ರೀ. ಈ ಗೆರಿ ನೋಡ್ರಿ, ನೀರು ಹಿಂಗೆ ಹೊರಗೆ ಹೋಗ್ತೈತಿ."

"ಬಿಸಿಲಾಗೆ?"

"ಹಿಡೀತೈತಿ."

"ಮಂಜಿನಾಗೆ?"

"ಹಿಡೀತೈತಿ."

"ಸಗಣಿ ಮ್ಯಾಲೆ?"

ಮಲ್ಲಿಕಾರ್ಜುನ್ ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಅದಕ್ಕೆ ದನ ಕಂಡಲ್ಲಿ ಇಳಿದು ತಳ್ಳಿಕೊಂಡು ಹೋಗ್ರಿ."

ಎರಡೂ ಗಾಲಿಗೆ ನಡುವಿನ ಟೈರೇ ಕೂತಿತು. ಹೊರಡುವಾಗ ಮಲ್ಲಿಕಾರ್ಜುನ್ ಒಂದು ಮಾತು ಸೇರಿಸಿದ. "ಹೊಸಾ ಟೈರಿನ ಮ್ಯಾಲೆ ಒಂಥರಾ ಜಿಡ್ಡು ಇರ್ತೈತ್ರೀ. ಮೊದಲ ನೂರು ಕಿಲೋಮೀಟ್ರು ಹುಷಾರು. ಗಕ್ಕನೆ ಬ್ರೇಕ್ ಹಿಡಿದ್ರೆ ಜಾರಿಬಿಡ್ತೈತಿ."

ಹೇಳಬಾರದಿತ್ತು. ಬೆನಕಪ್ಪನ ಮುಖ ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿತು. ನಾಳೆ ಸೊರಬಕ್ಕೆ ಹೋಗಿ ಬರುವ ದಾರಿಯಷ್ಟೂ ಆ ನೂರರೊಳಗೇ! ಹಿಂದೆ ಗಂಗಾಶ್ರೀ!

"ಆ ನೂರನ್ನ ಇವತ್ತೇ ಸವೆಸಿಬಿಡು. ನಾ ಇರ್ತೀನಿ" ಎಂದ ಸದಾಶಿವಪ್ಪ.

ಬಳ್ಳಿಗಾವಿಯ ದಾರಿ ಹಿಡಿದರು. ಊರು ದಾಟುವಷ್ಟರಲ್ಲಿ ಮಳೆ ಬಂತು. ಸದಾಶಿವಪ್ಪ ಕೊಡೆ ಬಿಚ್ಚಿದ. ಗಾಳಿಗೆ ಬೈಕು ಹಿಂದಕ್ಕೆ ಜಗ್ಗಿತು. ಬೆನಕಪ್ಪನಿಗೆ ರಸ್ತೆ ಕಾಣಲಿಲ್ಲ, ಕಂಡದ್ದೆಲ್ಲ ಬೀಳುವ ಜಾಗವೇ. ಆ ತಿರುವಿನಲ್ಲಿ ಕೈ ಮುರಿಯುತ್ತದೆ, ಈ ಮೋರಿಯಲ್ಲಿ ಕಾಲು.

"ಹೋಲ್ಡಾನ್! ನಾಯಿ!" ಎಂದು ಕಿವಿಯಲ್ಲಿ ಕೂಗು. ನೋಡಿದರೆ ನಾಯಿ ದೂರದ ಜಗಲಿಯ ಮೇಲೆ ಮಲಗಿತ್ತು.

ಸೈಕಲ್ ತುಳಿಯುತ್ತಿದ್ದ ಮುದುಕರೊಬ್ಬರು ಇವರನ್ನು ಹಿಂದೆ ಹಾಕಿ, ತಿರುಗಿ ನೋಡಿ, "ಪೆಟ್ರೋಲ್ ಖಾಲಿ ಆಗೈತೇನ್ರೀ?" ಎಂದು ಕನಿಕರದಿಂದ ವಿಚಾರಿಸಿದರು.

ಬಳ್ಳಿಗಾವಿಗೆ ಎರಡು ಸಲ ಹೋಗಿಬಂದರೂ ನೂರು ತುಂಬಲಿಲ್ಲ. ಉಳಿದದ್ದನ್ನು ಊರೊಳಗೆ ಸುತ್ತಿದರು. ತೊಂಬತ್ತೊಂಬತ್ತರಲ್ಲಿ ಒಂದು ಆಡು ಅಡ್ಡ ಹಾರಿತು. ಬೆನಕಪ್ಪ ಕಣ್ಣು ಮುಚ್ಚಿ ಎರಡೂ ಬ್ರೇಕು ಹಿಡಿದ. ಕಣ್ಣು ಬಿಟ್ಟರೆ ಬೈಕು ನಿಂತಿದೆ! ಒದ್ದೆ ರಸ್ತೆಗೆ ಟೈರು ಹಲ್ಲಿಯಂತೆ ಅಂಟಿಕೊಂಡಿದೆ! ಒಂದು ವರ್ಷದ ಭಯ ಆಡಿನ ಹಿಂದೆಯೇ ಓಡಿಹೋಯಿತು.

ಸಂಜೆ ಮಳೆ ನಿಂತಿತ್ತು. ಕೆಸರು ಮೆತ್ತಿದ ಬೈಕು ಮನೆಯ ಅಂಗಳದಲ್ಲಿ ನಿಲ್ಲಿಸಿ, "ಗಂಗಾ, ಇನ್ನು ಹೆದರಬ್ಯಾಡ!" ಎಂದು ಕೂಗಿದ.

"ಹಂಗಾದ್ರೆ ಈಗಲೇ ಒಂದು ಸುತ್ತು ಕರ್ಕೊಂಡು ಹೋಗ್ರಿ, ನೋಡೋಣ."

ಒಳಗಿನಿಂದ ತಾಯಿ ಹೂವಮ್ಮ ಗದರಿದಳು. "ಲೋ, ಪೂಜೆ ಇಲ್ಲದೆ ಹೊಸಾ ಗಾಲಿ ಮ್ಯಾಲೆ ಹೆಣ್ಮಗಳನ್ನ ಕೂರಿಸ್ತೀಯೇನೋ? ಜಳಕ ಮಾಡ್ಕೊಂಡು ಬಾ. ಎಲ್ಲಾ ಅಣಿ ಮಾಡಿರ್ತೀನಿ."

ಅವನು ಮೈ ಒರೆಸಿಕೊಂಡು ಬರುವಷ್ಟರಲ್ಲಿ ಬೈಕು ಮದುಮಗನಾಗಿತ್ತು. ವಿಭೂತಿ, ಕುಂಕುಮ, ಹೂವಿನ ಹಾರ, ಗಾಲಿಯ ಕೆಳಗೆ ನಿಂಬೆಹಣ್ಣು. ಟೈರಂತೂ ಕನ್ನಡಿಯ ಹಾಗೆ ಮಿರಮಿರ ಮಿಂಚುತ್ತಿತ್ತು. ಗಂಗಾಶ್ರೀ ಸೆರಗು ಸಿಕ್ಕಿಸಿ ಕೂತಳು. ಓಣಿಯೆಲ್ಲ ನೋಡುತ್ತಿತ್ತು. ನಿಂಬೆಹಣ್ಣು ಪಚಕ್ಕೆಂದವು. ಅಂಗಳದ ಸಿಮೆಂಟಿನ ಇಳಿಜಾರಿನಲ್ಲಿ ಒಂದು ಕೋಳಿ ಬಂತು. ಬೆನಕಪ್ಪ ನಗುತ್ತಲೇ ಬ್ರೇಕು ಮುಟ್ಟಿದ.

ಬೈಕು ಸುಯ್ಯೆಂದು ಅಡ್ಡಡ್ಡ ಹೋಯಿತು. ಗಂಗಾಶ್ರೀ ಕನಕಾಂಬರದ ಪಾತಿಯಲ್ಲಿ ಕೂತಳು, ಬೆನಕಪ್ಪ ಮಲಗಿದ.

"ಅಯ್ಯೋ ನನ್ನಪ್ಪಾ!" ಹೂವಮ್ಮ ಓಡಿಬಂದಳು. "ಕೆಸರು ಮೆತ್ಕೊಂಡು ಹಳೇ ಟೈರಿನಂಗೆ ಕಾಣ್ತಿದ್ವಲ್ಲೋ! ಹೊಸಾವು ಅಂದ್ರೆ ಯಾರು ನಂಬ್ತಾರೆ ಅಂತ ತೊಳ್ದು, ಅರ್ಧ ಬಾಟ್ಲಿ ಕೊಬ್ರಿ ಎಣ್ಣಿ ಹಾಕಿ ತಿಕ್ಕೀನಿ. ಎಷ್ಟು ಚೆಂದ ಹೊಳೀತಿದ್ವು!"

ಗಂಗಾಶ್ರೀ ಸೀರೆಯ ಮಣ್ಣು ಕೊಡವಿಕೊಂಡು ಎದ್ದಳು. ಗಂಡನ ಕಡೆ ನೋಡಲಿಲ್ಲ. "ಸದಾಶಿವಣ್ಣಾ, ನಾಳೆ ಸೊರಬದ ಬಸ್ಸು ಎಷ್ಟೊತ್ತಿಗ್ರೀ?"

"ಏಳೂವರೆಗವ್ವ. ಮುಂದಿನ ಸೀಟು ಹಿಡಿ, ನಿನ್ನ ಮಾತು ಎಲ್ಲರಿಗೂ ಕೇಳ್ತೈತಿ." ಸದಾಶಿವಪ್ಪ ಬಗ್ಗಿ ಟೈರಿಗೆ ಬೆರಳು ಒರೆಸಿ, ಮೂಸಿ, ಬೆನಕಪ್ಪನ ಹೆಗಲು ತಟ್ಟಿದ. "ಒಳ್ಳೇ ಎಣ್ಣಿ. ಇದು ಹೋಗಬೇಕಂದ್ರೆ ಇನ್ನೊಂದು ನೂರು ಕಿಲೋಮೀಟ್ರು. ಎತ್ತಪ್ಪ ಬೈಕು."

ಬೆನಕಪ್ಪ ಬೈಕು ಎತ್ತಿದ. ಮೇಲೆ ಗುಡುಗಿತು. ಹಿಂದೆ ಕೊಡೆ ಬಿಚ್ಚಿಕೊಂಡಿತು.

"ರೈಟ್!"