ಸೋಲುತ್ತಿದ್ದ ಕಂಪ್ಯೂಟರು

ಈ ಜಗತ್ತಿನಲ್ಲಿ ಚಾಂಪಿಯನ್ನರಿಗೆ ಸೋಲುವ ಜೀವ ಅಂತ ಇದ್ದದ್ದು ಒಂದೇ, ಅವರ ಮನೆಯ ಹಳೇ ಕಂಪ್ಯೂಟರು. ಅದಕ್ಕೆ ಜೀವ ಇರಲಿಲ್ಲ ಎನ್ನುವುದು ಬೇರೆ ಮಾತು. ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರು ಹಗಲೆಲ್ಲ ಯಾರಿಗಾದರೂ ಸೋಲುತ್ತಲೇ ಇದ್ದರು. ಮ್ಯಾನೇಜರಿಗೆ ಸೋತರು, ಬಡ್ತಿಯಲ್ಲಿ ತಮಗಿಂತ ಕಿರಿಯರಿಗೆ ಸೋತರು, ಬಸ್ಸಿನಲ್ಲಿ ಕರವಸ್ತ್ರ ಹಾಕಿ ಸೀಟು ಹಿಡಿಯುವವರಿಗೂ ಸೋತರು. ಸಂಜೆ ಕೈಕಾಲು ತೊಳೆದು ಕಂಪ್ಯೂಟರಿನ ಮುಂದೆ ಕೂತು, ಚೆಸ್ಸಿನಲ್ಲಿ ಅದನ್ನು ಸೋಲಿಸಿ ಎದ್ದರೆಂದರೆ ಅವರು ಬೇರೆಯೇ ಮನುಷ್ಯ. ಊಟದಲ್ಲಿ ಎರಡು ತುತ್ತು ಹೆಚ್ಚೇ ಹೋಗುತ್ತಿತ್ತು. ಗೆದ್ದ ಸುದ್ದಿಯನ್ನು ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಹೇಳಿ ಹೇಳಿ, ಕಟ್ಟಡದವರು ಅವರ ಹೆಸರನ್ನೇ ಮರೆತು ಚಾಂಪಿಯನ್ನರೇ ಎಂದು ಕರೆಯತೊಡಗಿದ್ದರು. ಆ ಕರೆಯಲ್ಲಿ ಅರ್ಧ ಗೌರವ, ಅರ್ಧ ತಮಾಷೆ. ಅವರು ಗೌರವದ ಅರ್ಧವನ್ನು ಮಾತ್ರ ಕೇಳಿಸಿಕೊಳ್ಳುತ್ತಿದ್ದರು.

ಮದುವೆಯಾದ ಹೊಸತರಲ್ಲಿ ಅವರು ಆಡುತ್ತಿದ್ದದ್ದು ಹೆಂಡತಿಯ ಜತೆ, ಮರದ ಹಲಗೆಯ ಮೇಲೆ. ಆಕೆ ದಿನಾ ಸೋಲುತ್ತಿದ್ದಳು. "ನಿನ್ನ ಜತೆ ಆಡೋದೂ ಒಂದೇ, ಗೋಡೆ ಜತೆ ಆಡೋದೂ ಒಂದೇ" ಎಂದು ಒಂದು ದಿನ ಹಲಗೆಯನ್ನು ಅಟ್ಟಕ್ಕೆ ಹಾಕಿ, ಕಚೇರಿಯವರು ಮೂಲೆಗೆ ತಳ್ಳಿದ್ದ ಈ ಕಂಪ್ಯೂಟರನ್ನು ಹೊತ್ತು ತಂದರು. ಆಕೆ ದಿನಾ ಸಂಜೆ ಗಂಡ ಬರುವ ಹೊತ್ತಿಗೆ ಕಂಪ್ಯೂಟರಿನ ಧೂಳು ಒರೆಸಿ ಇಡುತ್ತಿದ್ದಳು, ಅಷ್ಟೇ.

ಶನಿವಾರ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆ ಇತ್ತು. ಆಟ ತಪ್ಪಿತು. ಹಾಗಾಗಿ ಭಾನುವಾರ ಬೆಳಿಗ್ಗೆ ಕಾಫಿ ಹಿಡಿದು ಬಂದವರೇ ಚಾಂಪಿಯನ್ನರು ಬಾಕಿ ತೀರಿಸುವವರಂತೆ ಕೂತರು. ಕಾಲಾಳನ್ನು ಎರಡು ಮನೆ ಮುಂದೆ ತಳ್ಳಿದರು. ಕಂಪ್ಯೂಟರು ಯೋಚಿಸಿತು. ಯೋಚಿಸುತ್ತಲೇ ಇತ್ತು. ಅವರು ಪೇಪರು ತಿರುವಿ ಹಾಕಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಅದು ಇನ್ನೂ ಯೋಚಿಸುತ್ತಿತ್ತು.

"ಮುದಿಯಾಯ್ತು ಪಾಪ" ಎಂದರು ಚಾಂಪಿಯನ್ನರು. ಇದೂ ಹೋದರೆ ತನಗೆ ಸೋಲಲು ಇನ್ಯಾರಿದ್ದಾರೆ?

ಹೆಂಡತಿ ಸೆರಗಿಗೆ ಕೈ ಒರೆಸುತ್ತ ಬಂದಳು. "ಒಂದು ನಿಮಿಷ ಏಳಿ, ಧೂಳು ಒರೆಸಿ ಕೊಡ್ತೀನಿ."

"ಧೂಳು ಒರೆಸಿದ್ರೆ ಬುದ್ಧಿ ಬರತ್ತೇನೆ? ನೀನು ಒಳಗೆ ಹೋಗು."

ಅಷ್ಟರಲ್ಲಿ ರಜೆಗೆಂದು ಬಂದಿದ್ದ ಭಾವಮೈದ ಹಲ್ಲುಜ್ಜುತ್ತಲೇ ಪ್ರತ್ಯಕ್ಷನಾದ. ಅವನಿಗೆ ಗೊತ್ತಿಲ್ಲದ ವಿದ್ಯೆ ಯಾವುದೂ ಇರಲಿಲ್ಲ, ಪೂರ್ತಿ ಗೊತ್ತಿದ್ದದ್ದೂ ಯಾವುದೂ ಇರಲಿಲ್ಲ.

"ಭಾವ, ಇದು ಮುದಿಯಾಗಿಲ್ಲ, ಸೋಮಾರಿಯಾಗಿದೆ. ಓವರ್‌ಕ್ಲಾಕ್ ಮಾಡಿಬಿಡೋಣ."

"ಹಾಗಂದ್ರೆ?"

"ಪ್ರೊಸೆಸರ್ ಎಷ್ಟು ವೇಗದಲ್ಲಿ ಓಡಬೇಕು ಅಂತ ಕಂಪನಿಯವರು ಒಂದು ಮಿತಿ ಹಾಕಿರ್ತಾರೆ. ಅದಕ್ಕಿಂತ ಜಾಸ್ತಿ ಓಡೋ ಶಕ್ತಿ ಒಳಗಿರತ್ತೆ. ನಾವು ಮಿತಿ ಏರಿಸ್ತೀವಿ. ಮೆಮೊರಿಗೂ ಹಾಗೇ."

ಮಿತಿ ಏರಿಸದೆ ತನ್ನನ್ನೂ ಹೀಗೇ ಕೂರಿಸಿಟ್ಟಿದ್ದಾರಲ್ಲ ಎಂದು ಚಾಂಪಿಯನ್ನರಿಗೆ ಮ್ಯಾನೇಜರ ನೆನಪಾಯಿತು. ಒಪ್ಪಿಬಿಟ್ಟರು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಲು ಸ್ಕ್ರೂಡ್ರೈವರ್ ಬೇಕಾಯಿತು. ಕೆಳಮನೆಯ ಫ್ರಿಜ್ ರಿಪೇರಿಯವರನ್ನು ಕೇಳಿದ್ದೇ ತಪ್ಪು. ಸ್ಕ್ರೂಡ್ರೈವರಿನ ಹಿಂದೆ ಅವರೂ ಬಂದರು. ಅವರ ಹಿಂದೆ, ಏನೋ ಬಿಚ್ಚುತ್ತಿದ್ದಾರೆ ಎಂಬ ವಾಸನೆ ಹಿಡಿದು ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಇಳಿದು ಬಂದರು.

"ವೇಗ ಏರಿಸಿದ್ರೆ ಬಿಸಿ ಏರತ್ತೆ" ಎಂದರು ಮೇಷ್ಟ್ರು.

"ಬಿಸಿ ನನಗೆ ಬಿಡಿ, ನನ್ನ ಕಸುಬೇ ಅದು" ಎಂದು ಫ್ರಿಜ್ಜಿನವರು ಮಲಗುವ ಕೋಣೆಯ ಟೇಬಲ್ ಫ್ಯಾನನ್ನು ತಾವೇ ಎತ್ತಿಕೊಂಡು ಬಂದು, ಕಂಪ್ಯೂಟರಿನ ತೆರೆದ ಹೊಟ್ಟೆಗೆ ಗಾಳಿ ಬಿಟ್ಟರು. ವರ್ಷಗಳ ಧೂಳೆಲ್ಲ ಎದ್ದು ಮೇಷ್ಟ್ರ ಕನ್ನಡಕದ ಮೇಲೆ ಕೂತಿತು.

ಭಾವಮೈದ ಕೀಲಿ ಒತ್ತಿ ನೀಲಿ ಪರದೆಯೊಂದನ್ನು ತೆರೆದು, ಅಲ್ಲಿದ್ದ ಅಂಕಿಗಳನ್ನು ಏರಿಸಿದ. ಪ್ರೊಸೆಸರು ತಾಳಿಕೊಂಡಿತು. ಆಸೆಯಿಂದ ಮೆಮೊರಿಯನ್ನೂ ಏರಿಸಿದ. ಪರದೆ ಕಪ್ಪಾಯಿತು, ಒಳಗಿಂದ ಬೀಪ್ ಬೀಪ್ ಎಂದು ಅಳು ಕೇಳಿಸಿತು. ಚಾಂಪಿಯನ್ನರ ಮುಖ ಬಿಳಿಚಿಕೊಂಡಿತು.

"ಗಾಬರಿ ಬೇಡ ಭಾವ, ಈ ಬಿಲ್ಲೆ ಬ್ಯಾಟರಿ ತೆಗೆದು ಹಾಕಿದ್ರೆ ಏರಿಸಿದ ಅಂಕಿಗಳನ್ನ ಮರೆತು ಮೊದಲಿನ ಹಾಗಾಗತ್ತೆ" ಎಂದು ಪ್ಲಗ್ ಕಿತ್ತು, ಬ್ಯಾಟರಿ ತೆಗೆದು ಹಾಕಿದ. ಹಾಗೇ ಆಯಿತು. ಮತ್ತೆ ಏರಿಸಿದರು, ಮತ್ತೆ ಅತ್ತಿತು, ಮತ್ತೆ ಇಳಿಸಿದರು. ಬಂದವರಿಗೆಲ್ಲ ಎರಡು ಸುತ್ತು ಕಾಫಿಯಾದ ಮೇಲೆ, ಮಧ್ಯಾಹ್ನ ಇಳಿಯುವ ಹೊತ್ತಿಗೆ, ಕಂಪ್ಯೂಟರು ಏರಿಸಿದ ವೇಗದಲ್ಲಿ ಅಳದೆ ನಿಂತಿತು.

"ಇಷ್ಟು ದಿನ ಮೆಟ್ಟಿಲ ಮೇಲೆ ಬರೀ ಕೇಳಿದ್ವಿ" ಎಂದರು ಫ್ರಿಜ್ಜಿನವರು, ಕುರ್ಚಿ ಎಳೆದುಕೊಳ್ಳುತ್ತ. "ಇವತ್ತು ಕಣ್ಣಾರೆ ನೋಡೇಬಿಡೋಣ, ಚಾಂಪಿಯನ್ನರೇ."

ಹೆಂಡತಿ ಮತ್ತೆ ಬಟ್ಟೆ ಹಿಡಿದು ಬಂದಳು. "ಒಂದೇ ನಿಮಿಷ. ನಾನು ಒರೆಸಿಬಿಡ್ತೀನಿ, ಆಮೇಲೆ ಆಡಿ."

"ಎಷ್ಟು ಸಲ ಹೇಳೋದು ನಿಂಗೆ?" ಎಂದರು ಚಾಂಪಿಯನ್ನರು, ಜನರೆದುರು ಸ್ವಲ್ಪ ಜೋರಾಗಿಯೇ. ಆಕೆ ಬಟ್ಟೆ ಮಡಿಸಿಕೊಂಡು ಬಾಗಿಲಲ್ಲೇ ನಿಂತಳು.

ಆಟ ಶುರುವಾಯಿತು. ಧೂಳು ಹೋಗಿ ವೇಗವೂ ಏರಿ, ಈಗ ಕಂಪ್ಯೂಟರು ಬೆಳಗಿನಷ್ಟು ತಡಮಾಡಲಿಲ್ಲ. ಅವರು ಕೈ ಹಿಂತೆಗೆದು ಬೆನ್ನು ಒರಗಿಸುವಷ್ಟರಲ್ಲಿ ಅದರ ಕುದುರೆ ಹಾರಿ ಬಂದಿರುತ್ತಿತ್ತು. ಮೊದಲು ಒಂಟೆ ಹೋಯಿತು. ಆಮೇಲೆ ಆನೆ. "ಬೇಕಂತಲೇ ಬಿಟ್ಟೆ" ಎಂದರು ಚಾಂಪಿಯನ್ನರು. ಮಂತ್ರಿ ಹೋದಾಗ ಹಾಗೆನ್ನಲು ಬಾಯಿ ಬರಲಿಲ್ಲ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಪರದೆಯ ಹತ್ತಿರ ಬಗ್ಗಿ, "ರಾಜನಿಗೆ ಮನೆ ಇಲ್ಲ ಅಲ್ವಾ?" ಎಂದು ಮೆಲ್ಲಗೆ ಕೇಳಿದರು. ಇರಲಿಲ್ಲ.

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. "ಫ್ಯಾನಿನ ಗಾಳಿ ಹೆಚ್ಚಾಯ್ತೇನೋ" ಎಂದು ಫ್ರಿಜ್ಜಿನವರು ಎದ್ದರು. ಮೇಷ್ಟ್ರು ಬೆನ್ನು ತಟ್ಟಿ, "ಬರ್ತೀವಿ" ಎಂದರು. ಚಾಂಪಿಯನ್ನರೇ ಅನ್ನಲಿಲ್ಲ.

"ಇಳಿಸು ಅದನ್ನ" ಎಂದರು ಅವರು ಭಾವಮೈದನಿಗೆ.

"ಏರಿಸಿದ್ದನ್ನ ಯಾರಾದ್ರೂ ಇಳಿಸ್ತಾರಾ ಭಾವ? ಎಷ್ಟು ಚೆನ್ನಾಗಿ ಓಡ್ತಿದೆ" ಎಂದು ಅವನು ಚೀಲ ಹೆಗಲಿಗೇರಿಸಿ ಸಂಜೆಯ ಬಸ್ಸು ಹಿಡಿಯಲು ಹೊರಟೇಬಿಟ್ಟ.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಸೋತವನಿಗೆ ತಾಳ್ಮೆ ಎಲ್ಲಿಂದ ಬರಬೇಕು? ಫ್ರಿಜ್ಜಿನವರು ಬಿಟ್ಟುಹೋದ ಸ್ಕ್ರೂಡ್ರೈವರ್ ಹಿಡಿದು, ಬಿಲ್ಲೆ ಬ್ಯಾಟರಿ ಕೀಳಲು ಅವರೇ ಬಗ್ಗಿದರು. ಪ್ಲಗ್ ಕೀಳಬೇಕೆಂಬುದು ನೆನಪಾಗಲಿಲ್ಲ. ಕೈ ಜಾರಿತು. ಚಟ್ ಎಂದಿತು. ಸುಟ್ಟ ವಾಸನೆ ಬಂತು, ಪರದೆ ಕಪ್ಪಾಯಿತು. ಈ ಸಲ ಅಳುವಿನ ಸದ್ದೂ ಬರಲಿಲ್ಲ.

ಹೆಂಡತಿ ಬಂದು ಪ್ಲಗ್ ಕಿತ್ತಳು. ಪಕ್ಕದಲ್ಲೇ ನೆಲದ ಮೇಲೆ ಕೂತಳು.

"ನಾನೇ ಕೊಂದೆ ಕಣೆ" ಎಂದರು ಅವರು. "ವೇಗ ಏರಿಸದೇ ಇದ್ದಿದ್ರೆ ಪಾಪ, ಸೋತುಕೊಂಡು ಬಿದ್ದಿರ್ತಿತ್ತು."

ಆಕೆ ಕೈಲಿದ್ದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡಳು. "ವೇಗದ್ದಲ್ಲ ತಪ್ಪು, ನಂದು" ಎಂದಳು. "ನೀವು ಆಫೀಸಿಗೆ ಹೋದ ಮೇಲೆ ನಾನೂ ಆಡ್ತಿದ್ದೆ. ಅದರಲ್ಲಿ ಲೆವೆಲ್ ಅಂತ ಇದೆ. ನಾನು ಏಳಕ್ಕೆ ಏರಿಸ್ಕೊಂಡು, ನೀವು ಬರೋ ಹೊತ್ತಿಗೆ ಇಳಿಸಿ ಇಡ್ತಿದ್ದೆ. ನಿನ್ನೆ ಹೇಗೂ ನೀವು ಆಡಲ್ಲ ಅಂತ ಇಳಿಸೋದು ಮರೆತೆ. ಬೆಳಿಗ್ಗೆ ಅಷ್ಟು ಹೊತ್ತು ಯೋಚಿಸ್ತಿತ್ತಲ್ಲ, ಅದು ಏಳರಲ್ಲಿತ್ತು."

ಚಾಂಪಿಯನ್ನರು ಆಕೆಯ ಮಡಿಲಲ್ಲಿದ್ದ ಧೂಳೊರೆಸುವ ಬಟ್ಟೆಯನ್ನೇ ನೋಡಿದರು.

"ನನಗೆ ಎಷ್ಟಕ್ಕೆ ಇಳಿಸಿಡ್ತಿದ್ದೆ?"

"ಒಂದಕ್ಕೆ."

"ಎಷ್ಟರಲ್ಲಿ ಒಂದು?"

"ಹತ್ತರಲ್ಲಿ."

"ಏಳರಲ್ಲಿ ನೀನು ಗೆಲ್ತೀಯಾ?"

"ದಿನಾ ಏನಿಲ್ಲ" ಎಂದಳು ಆಕೆ, ಸಂಕೋಚದಿಂದ.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರೆ. ಗೋಡೆ ಎಂದು ಜರಿದದ್ದು, ಈಗಷ್ಟೇ ಜನರೆದುರು ಗದರಿದ್ದು, ಎಲ್ಲವೂ ಒಟ್ಟಿಗೆ ನೆನಪಾಗಿ ಅವರಿಗೆ ನಾಚಿಕೆಯಾಯಿತು. ಒಂದೇ ಮನೆಯಲ್ಲಿ, ಒಂದೇ ಯಂತ್ರದ ಮುಂದೆ, ಇಬ್ಬರೂ ಒಬ್ಬೊಬ್ಬರೇ ಕೂತು ಆಡಿದ್ದರು.

ಆಕೆ ಸ್ಟೂಲು ಹತ್ತಿ ಅಟ್ಟದಿಂದ ಹಳೇ ಹಲಗೆಯನ್ನು ಇಳಿಸಿದಳು. ಧೂಳು ಒರೆಸಿ ಕಾಯಿಗಳನ್ನು ಜೋಡಿಸಿದಳು. ಚಾಂಪಿಯನ್ನರು ಕಣ್ಣೊರೆಸಿಕೊಂಡು ಕೂತು, ಬುದ್ಧಿಗೆ ತೋಚಿದ್ದನ್ನೆಲ್ಲ ಹಾಕಿ ಆಡಿದರು. ಹತ್ತಾರು ನಡೆ ಆಗುವಷ್ಟರಲ್ಲಿ ಅವರ ರಾಜ ಮೂಲೆ ಸೇರಿದ್ದ. ಇನ್ನೊಂದು ನಡೆಗೆ ಆಟ ಮುಗಿಯುತ್ತಿತ್ತು, ಅದು ಅವರಿಗೂ ಕಾಣುತ್ತಿತ್ತು. ಆಕೆ ತಲೆಯೆತ್ತಿ ಗಂಡನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ತನ್ನ ಮಂತ್ರಿಯನ್ನು ಎತ್ತಿ, ಅವರ ಕಾಲಾಳಿನ ಬಾಯಿಗೇ ತಂದಿಟ್ಟಳು.

ಅವರ ಕೈ ಮುಂದೆ ಹೋಗಲಿಲ್ಲ.

"ಹೊಡೀರಿ" ಎಂದಳು ಆಕೆ. "ಊಟ ತಣ್ಣಗಾಗ್ತಿದೆ."