ಬೆಲ್ಲದ ಪಂಚನಾಮೆ

ಪೊಲೀಸ್ ಧಾರಾವಾಹಿಗಳನ್ನು ನೋಡಿ ನಗುವುದು ನನ್ನ ಹಳೆಯ ಚಟ. ಚಿಕ್ಕೋಡಿಯಲ್ಲಿ ಇಪ್ಪತ್ತು ವರ್ಷದಿಂದ ಪತ್ರಿಕೆಗೆ ಅಪರಾಧ ಸುದ್ದಿ ಬರೆಯುತ್ತಿರುವವನಿಗೆ ಅಷ್ಟು ಹಕ್ಕು ಇರಬೇಕು. ಧಾರಾವಾಹಿಯ ಇನ್‌ಸ್ಪೆಕ್ಟರ್ ಬಾಗಿಲು ಒದ್ದು ಒಳಗೆ ಬರುತ್ತಾನೆ. ನಾನು ಕಂಡವರು ಬೆಲ್ ಒತ್ತುತ್ತಾರೆ, ಕರೆಂಟ್ ಇಲ್ಲದಿದ್ದರೆ ಚಿಲಕ ಬಡಿಯುತ್ತಾರೆ. ಅಲ್ಲಿ ಒಂದು ಕೂದಲಿನ ಲ್ಯಾಬ್ ವರದಿ ಜಾಹೀರಾತು ಮುಗಿಯುವುದರೊಳಗೆ ಬರುತ್ತದೆ. ಇಲ್ಲಿ ವರದಿ ಬರುವಷ್ಟರಲ್ಲಿ ಕೂದಲು ಕಳಿಸಿದ ಅಧಿಕಾರಿಗೆ ಅಥಣಿಗೆ ವರ್ಗವಾಗಿರುತ್ತದೆ. ಇದನ್ನೆಲ್ಲ ನಾನು ಸೋಫಾದಲ್ಲಿ ಕುಳಿತು ಗಟ್ಟಿಯಾಗಿ ಹೇಳುತ್ತೇನೆ. ರಾತ್ರಿ ಎಂಟು ಗಂಟೆಯ ಮರಾಠಿ ಪೊಲೀಸ್ ಧಾರಾವಾಹಿಯ ಭಕ್ತೆಯಾದ ಹೆಂಡತಿ ಸುಜಾತಾ "ಸುಮ್ನ ಕುಂಡರ್ರಿ" ಎನ್ನುತ್ತಾಳೆ, ಅವಳಷ್ಟೇ ಭಕ್ತೆಯಾದ ಅವ್ವ "ಸುಮ್ನ ಕುಂಡ್ರೋ" ಎನ್ನುತ್ತಾಳೆ.

ಈಚೆಗೆ ಡಾಕ್ಟರು ನನಗೂ ಅವ್ವನಿಗೂ ಒಂದೇ ದಿನ ಶುಗರ್ ಎಂದು ಬರೆದುಕೊಟ್ಟರು. ಬೆಳಗಿನ ಚಹಾಕ್ಕೆ ಅರ್ಧ ಚಮಚ ಸಕ್ಕರೆ, ಅಷ್ಟೇ. ಅದೇ ಹೊತ್ತಿಗೆ ಅಲಖನೂರಿನ ಮಾವನವರ ಗಾಣದಿಂದ ಹೊಸ ಬೆಲ್ಲದ ಪೆಂಟಿ, ಗಟ್ಟಿಯಾದ ದೊಡ್ಡ ಉಂಡೆ, ಬಂದು ಇಳಿಯಿತು. ಸುಜಾತಾ ಅದನ್ನು ಸ್ಟೀಲ್ ಡಬ್ಬಿಗೆ ಹಾಕಿ ಮೇಲಿನ ಹಲಗೆಯಲ್ಲಿಟ್ಟು, "ಮುಟ್ಟಿದವ್ರಿಗೆ ಚಹಾದ ಸಕ್ರೀನೂ ಬಂದ್" ಎಂದು ಘೋಷಿಸಿದಳು.

ಸೋಮವಾರ ಅವಳು ಯಡೂರಿಗೆ ಹೋಗಿ ಸಂಜೆ ಬಂದಳು. ಡಬ್ಬಿ ತೆರೆದು ಬೆಲ್ಲ ಕಡಿಮೆಯಾದದ್ದನ್ನು ಕಂಡವಳೇ, "ಯಾರೂ ಏನೂ ಮುಟ್ಟಬ್ಯಾಡ್ರಿ!" ಎಂದು ಕೂಗಿದಳು. ಮೊಬೈಲಿನಲ್ಲಿ ನಾಲ್ಕು ದಿಕ್ಕಿನಿಂದ ಫೋಟೊ ತೆಗೆದಳು. ಬೆರಳಚ್ಚಿಗಾಗಿ ಮುಚ್ಚಳದ ಮೇಲೆ ಜೋಳದ ಹಿಟ್ಟು ಉದುರಿಸಿದಳು. ಮುಚ್ಚಳಕ್ಕೆ ಹಿಟ್ಟು ಹತ್ತಿತು. ಪಂಚನಾಮೆಗೆ ಇಬ್ಬರು ಪಂಚರು ಬೇಕು ಎಂದು ನಾನೇ ನೆನಪಿಸಿದೆ. ಸಿಕ್ಕವಳು ಪಕ್ಕದ ಮನೆಯ ಪದ್ಮಾವಕ್ಕ ಒಬ್ಬಳೇ. ಇಬ್ಬರಷ್ಟು ಮಾತಾಡುತ್ತಾಳಾದ್ದರಿಂದ ಸಾಕಾಯಿತು.

"ಇವ್ರು ಆಫೀಸಿಗೆ ಹೋಗಿದ್ರು. ಮನ್ಯಾಗ ಇದ್ದವ್ರು ಅತ್ತಿ ಒಬ್ರ," ಎಂದಳು ಸುಜಾತಾ.

"ಪೆಂಟಿ ಕಡ್ಯಾಕ ನನಗ ಹಲ್ಲರ ಎಲ್ಲಿ ಅದಾವ ಬೇ? ಇಲಿ ತಿಂದಿರಬೇಕ," ಎಂದಳು ಅವ್ವ.

"ತಿಂದು ಮುಚ್ಚಳಾ ಹಾಕಿ ಹೋಗೂ ಇಲಿ ಯಾವೂರದ್ರಿ ಅತ್ತಿ? ನಾಳಿಂದ ನಿಮಗ ಸಕ್ರಿ ಇಲ್ಲ."

ಅವ್ವನ ಮುಖ ಸಣ್ಣದಾಯಿತು. ಮಧ್ಯಾಹ್ನ ಆಫೀಸಿನಿಂದ ಮೆಲ್ಲಗೆ ಮನೆಗೆ ಬಂದು ಡಬ್ಬಿಗೆ ಕೈ ಹಾಕಿದವನು ನಾನು. ಒಪ್ಪಿಕೊಳ್ಳುವ ಧೈರ್ಯವಿಲ್ಲ, ಅವ್ವನ ಸಕ್ಕರೆ ಹೋಗುವುದನ್ನು ನೋಡುವ ಮನಸ್ಸೂ ಇಲ್ಲ. ಅಷ್ಟರಲ್ಲಿ ಸುಜಾತಾ, "ಪಂಚನಾಮಿ ನೀವ ಬರೀರಿ, ನಿಮ್ಮ ದಂಧೇನ ಅದು" ಎಂದು ಪೆನ್ನು ಕೊಟ್ಟಳು. ದಾರಿ ಸಿಕ್ಕಿತು ಎಂದುಕೊಂಡು ಬರೆದೆ:

"ಸೋಮವಾರ ಮಧ್ಯಾಹ್ನ ಹನ್ನೆರಡೂವರೆಗೆ ಅಪರಿಚಿತರು ಅಡಕೊತ್ತಿನಿಂದ ಪೆಂಟಿಯನ್ನು ಕೆತ್ತಿ, ನಿಂಬೆಹಣ್ಣಿನ ಗಾತ್ರದ ತುಂಡನ್ನು ತಿಂದು ಪರಾರಿಯಾಗಿದ್ದಾರೆ ಎನ್ನಲಾಗಿದೆ."

'ಎನ್ನಲಾಗಿದೆ' ಎಂಬ ಪದದ ಹಿಂದೆ ಅಡಗಿ ನಾನು ಇಪ್ಪತ್ತು ವರ್ಷ ಬದುಕಿದ್ದೇನೆ. ಆದರೆ ಎಲ್ಲಿ, ಯಾವಾಗ, ಹೇಗೆ ಎಂಬುದಿಲ್ಲದೆ ನನ್ನ ಕೈ ವಾಕ್ಯ ಮುಗಿಸುವುದಿಲ್ಲ.

ಸುಜಾತಾ ಎರಡು ಸಲ ಓದಿದಳು. "ಹನ್ನೆರಡೂವರಿ ಅಂತ ಯಾರು ಹೇಳಿದ್ರು?"

"ಮೂಲಗಳು."

"ಅಡಕೊತ್ತು?"

"ಸಾಪಡ್ಲಾ!" ಎಂದಳು ಪದ್ಮಾವಕ್ಕ. ಕಳ್ಳ ಸಿಕ್ಕಿಬಿದ್ದಾಗ ಧಾರಾವಾಹಿಯ ಇನ್‌ಸ್ಪೆಕ್ಟರ್ ಕೂಗುವುದೂ ಅದನ್ನೇ, ಮರಾಠಿಯಲ್ಲಿ 'ಸಿಕ್ಕ' ಎಂದು. ಕಳ್ಳನಿಗೆ ಮಾತ್ರ ಗೊತ್ತಿರಬೇಕಾದದ್ದನ್ನು ಕಳ್ಳನೇ ಬಾಯಿಬಿಡುವ ಆ ದೃಶ್ಯಕ್ಕೆ ನಾನು ಎಷ್ಟು ಸಲ ನಕ್ಕಿಲ್ಲ!

"ಮತ್ತ ನಿಂಬಿಹಣ್ಣಲ್ರಿ, ತೆಂಗಿನಕಾಯಿಯಷ್ಟು ಹೋಗೇತಿ," ಎಂದಳು ಸುಜಾತಾ.

ನಾನು ತಿಂದದ್ದು ನಿಂಬೆಹಣ್ಣಿನಷ್ಟೇ. ಆಗ ನೆನಪಾಯಿತು, ಅಡಕೊತ್ತು ಇಟ್ಟ ಜಾಗದಲ್ಲಿ ಯಾರೋ ಮೊದಲೇ ದಾರಿ ಮಾಡಿಟ್ಟಂತೆ ಬೆಲ್ಲ ಸಲೀಸಾಗಿ ಬಂದಿತ್ತು. ಅವ್ವನ ಕಡೆ ನೋಡಿದೆ. ಅವಳು ಟಿವಿಯಲ್ಲಿ ಸಿಮೆಂಟಿನ ಜಾಹೀರಾತನ್ನು ಭಕ್ತಿಯಿಂದ ನೋಡುತ್ತಿದ್ದಳು. ಪೂರ್ತಿ ತೆಂಗಿನಕಾಯಿಗೆ ಸಹಿ ಹಾಕಿದೆ.

ಮರುದಿನ ಬೆಳಿಗ್ಗೆ ನನ್ನ ಚಹಾ ಸಪ್ಪಗಿತ್ತು, ಅವ್ವನದಕ್ಕೆ ಅರ್ಧ ಚಮಚ ಬಿದ್ದಿತ್ತು. ರಾತ್ರಿ ಎಂಟು ಗಂಟೆಗೆ ಟಿವಿಯಲ್ಲಿ ಇನ್‌ಸ್ಪೆಕ್ಟರ್ ಬಾಗಿಲು ಒದ್ದಾಗ ನಾನು ನಗಲಿಲ್ಲ. ಅವ್ವ ಮೆಲ್ಲಗೆ ನನ್ನ ಕಿವಿಯ ಬಳಿ ಬಂದಳು. "ನಾ ಇಲಿ ಮ್ಯಾಲ ಹಾಕಿ ಕೇಸ್ ಮುಚ್ಚಾಕತ್ತಿದ್ನಲ್ಲೊ ತಮ್ಮಾ. ಇಪ್ಪತ್ತು ವರ್ಷ ಪೇಪರಿನ್ಯಾಗ ಅದಿ, ಯಾವ ಸುದ್ದಿ ಬಿಡಬೇಕಂತ ಇನ್ನೂ ಗೊತ್ತಾಗ್ಲಿಲ್ಲ ನಿನಗ?"