ಟವಲಿನ ಕೆಳಗೆ ನಿಮ್ಮ ತಾತನ ಕೈ

ಗಂಡನ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಲು ಬರುವ ಹೆಂಗಸರನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಹೊಟ್ಟೆಕಿಚ್ಚು. ಚಾಮರಾಜನಗರದ ನಮ್ಮ ಬೀದಿಯನ್ನೇ ನೋಡಿ. ಎದುರುಮನೆಯಾಕೆಯ ಗಂಡ ಮೇಷ್ಟ್ರು, ಪಕ್ಕದ ಮನೆಯಾಕೆಯ ಗಂಡ ರೇಷ್ಮೆಗೂಡಿನ ವ್ಯಾಪಾರಿ, ಮೂಲೆಮನೆಯಾಕೆಯ ಗಂಡ ಪೊಲೀಸು. ಬಾಯಿ ತೆರೆದರೆ ಮುಗಿಯಿತು. ನಿಮ್ಮ ತಾತನ ಕೆಲಸ ಹಾಗಲ್ಲ. ಅದನ್ನು ವಿವರಿಸುವಷ್ಟರಲ್ಲಿ ಬೀದಿ ನಲ್ಲಿಯಲ್ಲಿ ಬಿಂದಿಗೆ ತುಂಬಿ ಹರಿದು, ಹಿಂದೆ ನಿಂತವರು ರೇಗಿ, ಕೇಳಿದವರೇ ಮನೆಗೆ ಹೋಗಿಬಿಟ್ಟಿರುತ್ತಿದ್ದರು. ಮೊದಲೇ ನನ್ನದು ನಾಚಿಕೆಯ ಸ್ವಭಾವ. ನಾಲ್ಕು ಜನರ ಮುಂದೆ ಗಂಟಲಿನಿಂದ ಮಾತೇ ಹೊರಡುತ್ತಿರಲಿಲ್ಲ. ಒಂದು ದಿನ ಧೈರ್ಯ ಮಾಡಿ “ಲಾಯರು” ಎಂದೆ.

“ಯಾವ ಕೋರ್ಟಲ್ಲವ್ವ?” ಎಂದರು ಎದುರುಮನೆಯಾಕೆ.

“ಕೋರ್ಟಿಗೆ ಹೋಗೋದಿಲ್ಲ.”

“ಅಯ್ಯೋ, ಕೋರ್ಟ್ಗೇ ಓಗ್ದಿದ್ಮೇಲೆ ಅದ್ಯಾತರ ಲಾಯ್ರು ಕಣವ್ವ! ಕೇಸು ಸಿಕ್ಕಾಕಿಲ್ವೇನೋ, ಪಾಪ.”

ಸಂಜೆಯ ಹೊತ್ತಿಗೆ ಬೀದಿಯೆಲ್ಲ ನನ್ನ ಮೇಲೆ ಮರುಕಪಟ್ಟಿತ್ತು. ಎದುರುಮನೆಯಾಕೆ ಒಂದು ಮೊರ ಅವರೆಕಾಯಿ ಕಳಿಸಿಕೊಟ್ಟರು. ನಾನು ತಲೆ ತಗ್ಗಿಸಿ ತೆಗೆದುಕೊಂಡೆ. ಅವರೆಕಾಯಿ ಚೆನ್ನಾಗಿತ್ತು, ಸೊಗಡು ತುಂಬಿತ್ತು, ಅದನ್ನು ಹಿಂದಿರುಗಿಸುವ ಮನಸ್ಸೂ ಬರಲಿಲ್ಲ.

ಈಗ ನೀವು ನಿಧಾನವಾಗಿ ಓದುವವರಾದ್ದರಿಂದ ಬಿಡಿಸಿ ಹೇಳುತ್ತೇನೆ ಮಕ್ಕಳೇ. ನಿಮ್ಮ ತಾತ ದೆಹಲಿಯಲ್ಲಿ ಸರ್ಕಾರಕ್ಕೆ ಕಾನೂನಿನ ಸಲಹೆ ಕೊಡುವ ವಕೀಲರು. ನಮಗೆ ಸ್ವಾತಂತ್ರ್ಯ ಬಂದು ಆಗಿನ್ನೂ ಹತ್ತು ವರ್ಷವಾಗಿರಲಿಲ್ಲ. ನಮ್ಮ ಹಾಗೆಯೇ ಪರರ ಕೈಯಿಂದ ಆಗತಾನೆ ಬಿಡಿಸಿಕೊಂಡ ಬೇರೆ ದೇಶಗಳೂ ಇದ್ದವು. ಬಾವುಟ ಹೊಲಿಸಿಕೊಂಡ ಮೇಲೆ ಅವರಿಗೆ ಕಾನೂನು ಬೇಕಾಯಿತು. ಅದರಲ್ಲೂ ವ್ಯಾಪಾರದ ಕಾನೂನು: ಕೊಂಡ ಸರಕು ಕೆಟ್ಟಿದ್ದರೆ ಯಾರು ಹೊಣೆ, ಹಡಗು ಮುಳುಗಿದರೆ ನಷ್ಟ ಯಾರದು, ಪಾಲುಗಾರ ಓಡಿಹೋದರೆ ಏನು ಮಾಡುವುದು, ಇಂಥವು. “ನಿಮ್ಮಲ್ಲಿ ತಿಳಿದವರಿದ್ದರೆ ಕಳಿಸಿ” ಎಂದು ಅವರು ನಮ್ಮ ಸರ್ಕಾರವನ್ನು ಕೇಳುತ್ತಿದ್ದರು. ಸರ್ಕಾರ ನಿಮ್ಮ ತಾತನನ್ನು ಕಳಿಸುತ್ತಿತ್ತು. ನಮ್ಮ ಮಾವನವರು ಇದನ್ನೇ ಚಿಕ್ಕದು ಮಾಡಿ, “ಪರದೇಸದೋರ್ ಅಂಗಡಿ ಜಗಳ ಬುಡುಸ್ತನೆ ನಮ್ಮುಡ್ಗ” ಎನ್ನುತ್ತಿದ್ದರು. ಎಷ್ಟು ಚೆಂದವಾಗಿ ಹೇಳಿಬಿಡುತ್ತಿದ್ದರು! ಆದರೆ ಮಾವನವರ ಮಾತನ್ನು ನಲ್ಲಿಯ ಹತ್ತಿರ ನಾನು ಹೇಗೆ ಆಡಲಿ?

ಹೊರದೇಶಗಳನ್ನು ಸುತ್ತಿದ ನಿಮ್ಮ ತಾತನಿಗೆ ಒಂದು ಹೊಸ ಅಭ್ಯಾಸ ಅಂಟಿಕೊಂಡಿತ್ತು. ಯಾರನ್ನು ಕಂಡರೂ ಕೈ ಚಾಚಿ, ಎದುರಿನವರ ಕೈಯನ್ನು ಇಡಿಯಾಗಿ ಹಿಡಿದು ಕುಲುಕುವುದು. ರಜೆಗೆ ಬಂದಾಗ ಪೋಸ್ಟಿನವನ ಕೈ ಕುಲುಕಿದರು. ಕ್ಷೌರದವನು ಕತ್ತಿ ಹಿಡಿದಿದ್ದಾಗಲೇ ಅವನ ಕೈ ಕುಲುಕಲು ಹೋಗಿ ಇಬ್ಬರೂ ಸ್ವಲ್ಪದರಲ್ಲಿ ಉಳಿದರು. ಒಮ್ಮೆ ಬಾಗಿಲಲ್ಲೇ, ಮರೆತು, ತಾಯಿಗೂ ಕೈ ಚಾಚಿಬಿಟ್ಟರು. ನಮ್ಮತ್ತೆ ಆ ಕೈಯನ್ನು ಒಂದು ಗಳಿಗೆ ನೋಡಿ, ಒಳಗೆ ಹೋಗಿ ಬಾಳೆಹಣ್ಣು ತಂದು ಅದರಲ್ಲಿ ಇಟ್ಟರು. “ಅಸ್ಕೊಂಡ್ ಬಂದವ್ನೆ” ಎಂದು ನನಗೆ ಹೇಳಿದರು.

ಪ್ರತಿ ಸಲ ಬಂದಾಗಲೂ ನಿಮ್ಮ ತಾತ ನನ್ನನ್ನು ಏನು ಬೇಕೆಂದು ಕೇಳುವರು, ನಾನು ಏನೂ ಬೇಡವೆನ್ನುವೆನು. ಒಂದು ಸಲ ಮಾತ್ರ ಕೇಳಿದೆ. ವರ್ತನೆಯವನು ತರುತ್ತಿದ್ದ ಹಾಲಿನಲ್ಲಿ ನೀರು ಎಷ್ಟಿತ್ತೆಂದರೆ ಒಲೆಯ ಮೇಲಿಟ್ಟರೆ ಅದಕ್ಕೆ ಉಕ್ಕುವುದೇ ಮರೆತುಹೋಗುತ್ತಿತ್ತು. ನಿಮ್ಮಪ್ಪ ಆಗ ಲೋಟ ಹಿಡಿಯುವ ಮಗು. “ನನಗೊಂದು ಕರೆಯುವ ಹಸು ಬೇಕು” ಎಂದೆ. ಮದುವೆಯಾದ ಮೇಲೆ ಬಾಯಿಬಿಟ್ಟು ಕೇಳಿದ ಮೊದಲನೆಯ ವಸ್ತು. ನಿಮ್ಮ ತಾತನಿಗೆ ಎಷ್ಟು ಸಂತೋಷವಾಯಿತೆಂದರೆ ಆಗಲೇ ಪೇಟೆಗೆ ಹೋಗಿ ಹಗ್ಗವೊಂದನ್ನು ತಂದುಬಿಟ್ಟರು. ನಾನು ಕೊಟ್ಟಿಗೆ ಸಾರಿಸಿ ರಂಗೋಲಿ ಬಿಟ್ಟೆ. ನಮ್ಮತ್ತೆ ಹಾಲಿನ ತಂಬಿಗೆಯನ್ನು ಹುಣಸೇಹಣ್ಣು ಹಾಕಿ ಬೆಳಗಿದರು.

ಆ ಸಲವೇ ಅವರ ಜೊತೆ ಒಬ್ಬ ಅತಿಥಿ ಬಂದಿದ್ದರು. ಸಮುದ್ರದಾಚೆಯ ಒಂದು ಹೊಸ ದೇಶದಲ್ಲಿ ದೊಡ್ಡ ಅಧಿಕಾರಿ, ನಿಮ್ಮ ತಾತನ ಸಲಹೆ ಕೇಳಿ ಅಲ್ಲಿನ ವ್ಯಾಪಾರದ ಕಾನೂನು ಬರೆಯುತ್ತಿದ್ದವರು. ಬಂಡೀಪುರದಲ್ಲಿ ಆನೆ ನೋಡುವ ಆಸೆಯಿಂದ ನಮ್ಮಲ್ಲಿ ಉಳಿದಿದ್ದರು. ಅವರ ಹೆಸರು ನನ್ನ ನಾಲಿಗೆಗೆ ಇಂದಿಗೂ ಹತ್ತಿಲ್ಲ, ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಜಗಲಿಯ ಮೇಲೆ ಇಬ್ಬರಿಗೂ ಇಂಗ್ಲಿಷಿನಲ್ಲಿ ವಾದ ಹತ್ತಿಕೊಂಡಿತು. ನನಗೆ ತಿಳಿಯಲಿ ಎಂದು ನಿಮ್ಮ ತಾತ ನೀರು ಕುಡಿಯುವ ನೆಪದಲ್ಲಿ ಆಗಾಗ ಒಳಗೆ ಬಂದು ವರದಿ ಒಪ್ಪಿಸಿ ಹೋಗುತ್ತಿದ್ದರು. ಅಂದು ಅವರು ಕುಡಿದ ನೀರಿಗೆ ಹಂಡೆ ಅರ್ಧ ಇಳಿದಿತ್ತು. ವಿಷಯ ಇಷ್ಟು: ಕಾಗದದಲ್ಲಿ ಬರೆಯದ ವ್ಯಾಪಾರ ವ್ಯಾಪಾರವೇ ಅಲ್ಲ, ಹಾಗೆಂದೇ ನಮ್ಮ ಕಾನೂನಿನಲ್ಲಿ ಹಾಕುತ್ತೇವೆ ಎಂದು ಸಾಹೇಬರು. ಓದು ಬಾರದ ರೈತನ ವ್ಯಾಪಾರವೆಲ್ಲ ಬಾಯಿಮಾತಿನದು, ಹಾಗೆ ಮಾಡಿದರೆ ಅವನು ಯಾವ ಕೋರ್ಟಿಗೆ ಹೋಗಬೇಕು ಎಂದು ನಿಮ್ಮ ತಾತ.

“ಬರೆಯದ ಮಾತನ್ನು ನಷ್ಟವಾಗುವಾಗ ಯಾರು ಉಳಿಸಿಕೊಳ್ಳುತ್ತಾರೆ, ತೋರಿಸು ಅಂತಿದ್ದಾನೆ” ಎಂದು ಕೊನೆಯ ಲೋಟ ಕೆಳಗಿಟ್ಟರು ನಿಮ್ಮ ತಾತ. “ನಾಳೆ ತೆರಕಣಾಂಬಿ ಸಂತೆಗೆ ಕರಕೊಂಡು ಹೋಗ್ತೀನಿ. ಅವನಿಗೆ ಪಾಠವೂ ಆಯ್ತು, ನಿನಗೆ ಹಸುವೂ ಆಯ್ತು. ನೀನೂ ಬಾ, ನೀನೇ ಆರಿಸು.”

ಬಾಡಿಗೆ ಮೋಟಾರಿನಲ್ಲಿ ಹೊರಟೆವು. ಗುಂಡ್ಲುಪೇಟೆಯಿಂದ ನನ್ನ ಅಣ್ಣ ಮೊದಲೇ ಸಂತೆಗೆ ಬಂದು ನಿಂತಿದ್ದ. ದನದ ಹಲ್ಲು ನೋಡುವುದರಲ್ಲಿ ಅವನು ಗಟ್ಟಿಗ. “ಬಾವ, ನೀವು ದೊರೆಗೊಳ್ನ ಕರ್ಕೊಂಡು ಸುಮ್ಕೆ ನೋಡ್ತಾ ನಿಂತ್ಕಳಿ. ವ್ಯಾಪಾರ ನನ್ಗೆ ಬುಡಿ” ಎಂದ. ನನಗೆ ಒಂದು ಕೆಂದ ಹಸು ಕಣ್ಣಿಗೆ ಬಿತ್ತು. ಹಣೆಯಲ್ಲಿ ಬಿಳಿಯ ಚುಕ್ಕೆ, ಜೊತೆಯಲ್ಲಿ ಕರು. ನಾನು ಸೆರಗಿನ ಮರೆಯಿಂದ ತೋರಿಸಿದೆ. ಅಣ್ಣ ಅದರ ಕೆಚ್ಚಲು ಮುಟ್ಟಿ ನೋಡಿ ತಲೆದೂಗಿದ.

ನಮ್ಮ ಕಡೆ ದನದ ವ್ಯಾಪಾರ ಹೇಗೆಂದರೆ, ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ದಲ್ಲಾಳಿ ತನ್ನ ಮತ್ತು ಕೊಳ್ಳುವವನ ಕೈಗಳ ಮೇಲೆ ಟವಲು ಮುಚ್ಚಿ, ಅದರ ಕೆಳಗೆ ಲೆಕ್ಕಕ್ಕೆ ತಕ್ಕಷ್ಟು ಬೆರಳು ಹಿಡಿಸಿ ಬೆಲೆ ತಿಳಿಸುತ್ತಾನೆ. ಸುತ್ತ ನಿಂತವರಿಗೆ ಗುಟ್ಟು ಗೊತ್ತಾಗುವುದಿಲ್ಲ. ಒಪ್ಪಿಗೆ ಇಲ್ಲದಿದ್ದರೆ ಕೊಳ್ಳುವವನು ಬೇರೆ ಬೆರಳು ಹಿಡಿಸುತ್ತಾನೆ. ಒಪ್ಪಿಗೆಯಾದರೆ ಕೈಯನ್ನು ಇಡಿಯಾಗಿ ಹಿಡಿದು ಕುಲುಕುತ್ತಾನೆ. ಅಲ್ಲಿಗೆ ಮುಗಿಯಿತು, ಟವಲು ತೆಗೆದ ಮೇಲೆ ಯಾರೂ ಹಿಂದೆಗೆಯುವುದಿಲ್ಲ. ಚಿಕ್ಕಂದಿನಲ್ಲೇ ಮೈಸೂರಿಗೆ ಓದಲು ಹೋದ ನಿಮ್ಮ ತಾತನಿಗೆ ಬೆರಳಿನ ವಿಷಯ ಗೊತ್ತಿತ್ತು, ಕುಲುಕುವ ವಿಷಯ ಗೊತ್ತಿರಲಿಲ್ಲ. ಅಣ್ಣ ಕೆಂದ ಹಸುವಿನವನನ್ನು ಮಾತಾಡಿಸುತ್ತಿದ್ದಾಗ ಇವರು ಆಚೆ ಬದಿಯಲ್ಲಿದ್ದ ದಲ್ಲಾಳಿ ಸಿದ್ದಪ್ಪನ ಹತ್ತಿರ ಹೋಗಿ, “ಈ ಸಾಹೇಬರಿಗೆ ಒಂದು ಸಲ ತೋರಿಸಪ್ಪ” ಎಂದರು. ಕೋಟು ಹಾಕಿ ಮೋಟಾರಿನಲ್ಲಿ ಬಂದವರು ಸುಮ್ಮನೆ ನೋಡಲು ಬಂದಿದ್ದಾರೆಂದು ಸಿದ್ದಪ್ಪನಿಗೆ ಹೇಗೆ ತಿಳಿಯಬೇಕು? ಪಕ್ಕದಲ್ಲಿ ಕುದೇರಿನ ಮುದುಕರೊಬ್ಬರ ಜೋಡಿ ಎತ್ತು ಇತ್ತು. ಸಿದ್ದಪ್ಪ ನಿಮ್ಮ ತಾತನ ಕೈಯ ಮೇಲೆ ಟವಲು ಹಾಸಿ, ಎತ್ತಿನ ಬೆಲೆಗೆ ಬೆರಳು ಹಿಡಿಸಿ, ಉತ್ತರಕ್ಕೆ ಕಾದ. ತೋರಿಸುವುದು ಮುಗಿಯಿತೆಂದುಕೊಂಡ ನಿಮ್ಮ ತಾತ ಸಂತೋಷದಿಂದ ಅವನ ಕೈಯನ್ನು ಇಡಿಯಾಗಿ ಹಿಡಿದು, ದೇಶಾಂತರದಲ್ಲಿ ಕಲಿತಷ್ಟೂ ಜೋರಾಗಿ ಕುಲುಕಿದರು.

“ಆಯ್ತು! ಸ್ವಾಮ್ಯೋರ್ಗೆ ಎತ್ತಾಯ್ತು!” ಎಂದು ಸಿದ್ದಪ್ಪ ಟವಲು ಕೊಡವಿದ. ಕುದೇರಿನ ಮುದುಕರು ಎತ್ತುಗಳ ಬೆನ್ನು ಸವರಿ, ಹಗ್ಗವನ್ನು ನಿಮ್ಮ ತಾತನ ಕೈಗೆ ಕೊಟ್ಟುಬಿಟ್ಟರು. ಅವೇ ಎತ್ತುಗಳಿಗೆ ಕಾಯುತ್ತಿದ್ದ ಇನ್ನೊಬ್ಬ ಗಿರಾಕಿ ಟವಲು ಹಾರಿದ್ದು ಕಂಡು ಬೇರೆ ಜೋಡಿ ಹುಡುಕಿಕೊಂಡು ಹೋದ.

ಅಣ್ಣ ಓಡಿಬಂದ. “ಏನ್ ಬಾವ ಇದು! ಏ ಸಿದ್ದಪ್ಪ, ಅವ್ರು ಗೊತ್ತಿಲ್ದೆ ಕುಲುಕವ್ರೆ ಕಣ್ಲಾ. ಅದ್ಯಾವ ವ್ಯಾಪಾರ? ಬುಡು ಬುಡು.”

“ನಂಗೇನ್ ಗೊತ್ತು ಗೌಡ್ರೆ? ಸ್ವಾಮ್ಯೋರ್ ಕುಲುಕಿದ್ ರಭಸುಕ್ಕೆ ನನ್ ತೋಳೇ ಕಿತ್ಕೊಂಡ್ ಬರಾಂಗಾಯ್ತು. ಇಂಗೆ ಒಪ್ದೋರ್ನ ನಾ ಕಂಡೇ ಇಲ್ಲ!” ಎಂದ ಸಿದ್ದಪ್ಪ. ಸುತ್ತ ಸೇರಿದ್ದವರೆಲ್ಲ ನಕ್ಕರು. ನಗದೆ ಇದ್ದವರು ಕುದೇರಿನ ಮುದುಕರು ಒಬ್ಬರೇ. ಅವರು ಹೋದ ಗಿರಾಕಿಯ ದಾರಿ ನೋಡುತ್ತಿದ್ದರು.

ಸಾಹೇಬರಿಗೆ ನಡೆದದ್ದು ಅರ್ಥವಾಯಿತು. ಬಾಯಲ್ಲಿದ್ದ ಪೈಪು ತೆಗೆದು ನಗುತ್ತಾ ಏನೋ ಹೇಳಿದರು. ನಿಮ್ಮ ತಾತ ಅದನ್ನು ನಮಗೆ ಕನ್ನಡದಲ್ಲಿ ಹೇಳಿದರು: “ಯಾವುದಕ್ಕೆ ಒಪ್ಪುತ್ತಿದ್ದೇನೆಂದು ತಿಳಿಯದೆ ಒಪ್ಪಿದರೆ ಕರಾರು ಆಗೋದಿಲ್ಲ ಅಂತ ನೀನೇ ನಮಗೆ ಕಲಿಸಿದ್ದೀಯ. ಹಗ್ಗ ಹಿಂದಕ್ಕೆ ಕೊಡು, ನೀನು ಬಚಾವು ಅಂತಿದ್ದಾನೆ.” ಹೇಳಿ ಅವರು ಹಗ್ಗ ಹಿಡಿದುಕೊಂಡೇ ನಿಂತರು. ನನಗೆ ಅವರ ಮನಸ್ಸು ಕಾಣುತ್ತಿತ್ತು. ಹಗ್ಗ ಹಿಂದಕ್ಕೆ ಕೊಟ್ಟರೆ ಜಗಲಿಯ ಮೇಲೆ ಅವರು ಆಡಿದ್ದೆಲ್ಲ ಸುಳ್ಳಾಗುತ್ತಿತ್ತು. ಒಂದು ದೇಶದ ರೈತರ ಮಾತಿಗೆ ಬೆಲೆಯಿಲ್ಲವೆಂದು ಕಾನೂನಾಗುತ್ತಿತ್ತು. ಎತ್ತು ಇಟ್ಟುಕೊಂಡರೆ ತಂದಿದ್ದ ದುಡ್ಡು ಅದಕ್ಕೇ ಸರಿ, ಹಸು ಇಲ್ಲ. ಅದು ಅವರ ಹಸುವಾಗಿದ್ದರೆ ಯೋಚಿಸುತ್ತಲೇ ಇರಲಿಲ್ಲ. ನನ್ನ ಹಸುವಾದ್ದರಿಂದ ನನ್ನ ಕಡೆ ನೋಡಿದರು.

ಅಣ್ಣನೂ ನೋಡಿದ, “ಏಳಮ್ಮಿ, ಏನಂತೀಯ?” ಎಂದ. ಸಿದ್ದಪ್ಪ, ಸಾಹೇಬರು, ಮುದುಕರು, ಕಡಲೆಕಾಯಿ ಮಾರುವವಳು, ಎಲ್ಲರೂ ನೋಡಿದರು. ನಲ್ಲಿಯ ಹತ್ತಿರ ಮೂರು ಹೆಂಗಸರ ಮುಂದೆ ಬಾಯಿ ಬಾರದ ನಾನು ತೆರಕಣಾಂಬಿ ಸಂತೆಯ ನಡುವೆ ನಿಂತಿದ್ದೆ. ಕೆಂದ ಹಸು ಅಷ್ಟು ದೂರದಿಂದ ಕಿವಿ ಅಲ್ಲಾಡಿಸುತ್ತಿತ್ತು. ನಾನು ಅದರ ಕಡೆ ಬೆನ್ನು ಮಾಡಿದೆ.

“ಎತ್ಗೆ ನೀರು ಕುಡಿಸು ಅಣ್ಣ. ಬಿಸ್ಲು ಏರ್ತದೆ, ಹೊಡ್ಕೊಂಡ್ ಹೋಗನ” ಎಂದೆ.

ಅಷ್ಟೇ ನಾನು ಆಡಿದ್ದು. ಕುದೇರಿನ ಮುದುಕರು ನನಗೆ ಕೈ ಮುಗಿದರು. ನಾನು ಏನೆಂದೆನೆಂದು ಸಾಹೇಬರು ಕೇಳಿದಾಗ ನಿಮ್ಮ ತಾತ ಇಂಗ್ಲಿಷಿನಲ್ಲಿ ಹೇಳತೊಡಗಿದರು. ಎತ್ತುಗಳು ನೀರು ಕುಡಿದು ಮುಗಿಸಿದರೂ ಹೇಳುತ್ತಲೇ ಇದ್ದರು. ಅಷ್ಟೆಲ್ಲ ನಾನು ಯಾವಾಗ ಹೇಳಿದೆ ಎಂದು ಆಮೇಲೆ ಕೇಳಿದ್ದಕ್ಕೆ, “ನೀನು ತೀರ್ಪು ಕೊಟ್ಟೆ, ನಾನು ಕಾರಣ ಸೇರಿಸಿದೆ” ಎಂದರು. ಮದುವೆಯಾದ ಮೇಲೆ ಅವರು ಯಾರನ್ನೋ ನೋಡಿ ಹೆಮ್ಮೆಪಟ್ಟದ್ದನ್ನು ನಾನು ಕಂಡಿದ್ದು ಅಂದೇ. ನೋಡಿದ್ದು ನನ್ನನ್ನು. ನನಗೂ ಅವರನ್ನು ನೋಡಿ ಹಾಗೇ ಆಗಿತ್ತು, ಹೇಳಲು ನಾಚಿಕೆಯಾಯಿತು, ಅಷ್ಟೆ.

ಮನೆಯಲ್ಲಿ ನಮ್ಮತ್ತೆ ಆರತಿ ತಟ್ಟೆ, ಬೆಳಗಿದ ತಂಬಿಗೆ ಎರಡೂ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು. ಅಣ್ಣ ಹೊಡೆದುಕೊಂಡು ಬಂದ ಎತ್ತುಗಳಿಗೆ ಆರತಿ ಎತ್ತಿ ಹಣೆಗೆ ವಿಭೂತಿ ಹಚ್ಚಿದರು. ಆಮೇಲೆ ಬಗ್ಗಿ ಒಂದರ ಕೆಳಗೆ ನೋಡಿದರು, ಇನ್ನೊಂದರ ಕೆಳಗೂ ನೋಡಿದರು. “ಇದ್ರಲ್ಲಿ ಯಾವುದ್ನ ಕರೀಲವ್ವ?” ಎಂದು ನನ್ನನ್ನು ಕೇಳಿದರು. ಸಾಹೇಬರು ಇರುವಷ್ಟು ದಿನವೂ, ಇದ್ದ ನೀರುಹಾಲು ಮಗುವಿಗಿರಲೆಂದು, ಹಾಲಿಲ್ಲದ ಕಪ್ಪು ಟೀ ಕುಡಿದು, ತಮ್ಮ ದೇಶದಲ್ಲೂ ಹೀಗೇ ಕುಡಿಯುವುದೆಂದು ಹೇಳಿದರು. ಒಳ್ಳೆಯ ಮನುಷ್ಯರು. ಬಲಗಡೆಯ ಎತ್ತು ಹಾಯುತ್ತಿತ್ತು, ಆದರೆ ಉಳುಮೆಗೆ ಎರಡೂ ಚಿನ್ನದಂಥವು. ಬೀದಿಯವರು ಅವಕ್ಕೆ ಲಾಯರೆತ್ತು ಎಂದೇ ಹೆಸರಿಟ್ಟರು.

ಮರುವರ್ಷ ನಿಮ್ಮ ತಾತ ಆ ದೇಶಕ್ಕೆ ಹೋಗಿಬಂದಾಗ ಅಲ್ಲಿನ ಕಾನೂನು ಹೊರಬಂದಿತ್ತು. ಸಂತೆಯಲ್ಲಿ ರೂಢಿಯ ಪ್ರಕಾರ ನಡೆದ ವ್ಯಾಪಾರ ಬರಹವಿಲ್ಲದಿದ್ದರೂ ಊರ್ಜಿತ ಎಂದು ಅದರಲ್ಲಿ ಸಾಹೇಬರು ಸೇರಿಸಿದ್ದರಂತೆ. ನನಗೆಂದು ಒಂದು ಉಡುಗೊರೆಯನ್ನೂ ಕಳಿಸಿದ್ದರು. ಬಿಚ್ಚಿದರೆ ಹಾಲಿನ ಪುಡಿಯ ಡಬ್ಬಿ! ನಮ್ಮತ್ತೆ ಅದಕ್ಕೂ ವಿಭೂತಿ ಹಚ್ಚಿ ಒಳಗಿಟ್ಟುಕೊಂಡರು. ಮಾರನೆಯ ದಿನ ನಲ್ಲಿಯ ಹತ್ತಿರ ಎದುರುಮನೆಯಾಕೆ, “ನಿಮ್ಮೆಜಮಾನ್ರಿಗೆ ಈಗ್ಲಾದ್ರೂ ಕೇಸು ಸಿಕ್ತಾ?” ಎಂದರು. ನಾನು ತಲೆಯೆತ್ತಿ, “ಒಂದು ದೇಶಕ್ಕೇ ಕಾನೂನು ಬರೆಸಿಕೊಟ್ಟು ಬಂದವ್ರೆ” ಎಂದೆ. ಬಿಂದಿಗೆ ತುಂಬಿರಲೇ ಇಲ್ಲ, ನನ್ನ ಮಾತು ಮುಗಿದಿತ್ತು.

ಹಸುವೇನಾಯಿತು ಎನ್ನುತ್ತೀರಾ? ಅಂದು ಸಂತೆಯಿಂದ ಬರುವಾಗ ಮೋಟಾರಿನಲ್ಲಿ ನಿಮ್ಮ ತಾತ ನನ್ನ ಕಡೆ ಬಾಗಿ, “ಮುಂದಿನ ಸಂತೆಗೆ ನಿನ್ನ ಹಸು, ಖಂಡಿತ” ಎಂದಿದ್ದರು. ನಾನು ತಲೆಯಾಡಿಸಿದ್ದೆ. ಮುಂದಿನ ಸಂತೆಗೆ ಅವರು ಹಡಗಿನಲ್ಲಿದ್ದರು. ಅದರ ಮುಂದಿನ ರಜೆಗೆ ಮತ್ತೊಂದು ದೇಶ ಕರೆಯಿತು. ಎಷ್ಟೋ ವರ್ಷದ ಮೇಲೆ ನೆನಪಿಸಿದಾಗ, “ಬರೆದುಕೊಟ್ಟಿದ್ದೀನೇನೇ?” ಎಂದು ನಕ್ಕುಬಿಟ್ಟರು. ನಿಮ್ಮ ತಾತನ ವಾದ ಸಮುದ್ರದಾಚೆಯ ಸಂತೆಗಳಿಗೆಲ್ಲ ಸರಿ ಮಕ್ಕಳೇ, ಅದಕ್ಕೆ ನಾನೇ ಸಾಕ್ಷಿ. ನಮ್ಮ ಕೊಟ್ಟಿಗೆಯ ಮಟ್ಟಿಗೆ ಮಾತ್ರ ಸಾಹೇಬರು ಹೇಳಿದ್ದೇ ಸರಿ ಎಂದು ಈಗ ಅನ್ನಿಸುತ್ತದೆ. ಬರೆಸಿಕೊಳ್ಳಬೇಕಾಗಿತ್ತು. ಓದಿದ್ದು ಹಳ್ಳಿ ಸ್ಕೂಲಾದರೇನು, ಬರೆಯಲು ನನಗೂ ಬರುತ್ತಿತ್ತಲ್ಲ.